ಬಾಣಂತಿ ಕೋಣೆಯಲ್ಲಿ ಕಾಣದೇ ಹೋಗೋ ಖಿನ್ನತೆ

ಇವತ್ತಿನ ಎಪಿಸೋಡ್ ನಮ್ಮ ಮನೆಯದೇ ಕಥೆ. ಅಕ್ಕನ ಒಪ್ಪಿಗೆ ತಗೊಂಡೇ ಮಾತಾಡ್ತಿದ್ದೀನಿ.

ಹೆರಿಗೆಯಾಗಿ ಆರನೇ ವಾರ. ತವರಿನ ಬಾಣಂತನ ಅಂದ್ರೆ ಗೊತ್ತಲ್ಲ: ಕಿಟಕಿ ಮುಚ್ಚಿದ ಕೋಣೆ, ಎಣ್ಣೆ ಸ್ನಾನ, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಒಂದು ರಾತ್ರಿ ಬಿಸಿನೀರು ಕೊಡೋಕೆ ಹೋದಾಗ ಅಕ್ಕ ಗೋಡೆ ನೋಡ್ಕೊಂಡೇ ಹೇಳಿದ್ಳು, "ಈ ಮಗು ನಂದು ಅಂತ ಅನ್ನಿಸ್ತಾನೇ ಇಲ್ಲ ಕಣೋ." ನಾನು "ಸುಸ್ತಾಗಿದೆ ನಿಂಗೆ, ಮಲಕ್ಕೋ" ಅಂದು ಬಾಗಿಲು ಎಳ್ಕೊಂಡು ಬಂದೆ. ಅವಳ ಮಾತಿಗಿಂತ ನನ್ನ ಆ ಉತ್ತರವೇ ಇವತ್ತಿಗೂ ಚುಚ್ಚುತ್ತೆ.

ಹೆರಿಗೆಯಾದ ಎರಡು ಮೂರು ದಿನಕ್ಕೆ ಸುಮ್ ಸುಮ್ನೆ ಅಳು ಬರೋದು ತುಂಬಾ ಸಾಮಾನ್ಯ. ಹಾರ್ಮೋನ್ ಒಮ್ಮೆಲೇ ಇಳಿದಿರುತ್ತೆ, ನಿದ್ದೆ ಕೆಟ್ಟಿರುತ್ತೆ. ಎರಡು ವಾರದೊಳಗೆ ಅದು ತಾನಾಗೇ ಹೋಗುತ್ತೆ. ಹೋಗದೆ ಉಳಿದ್ರೆ, ಗಟ್ಟಿಯಾಗ್ತಾ ಬಂದ್ರೆ, ಅದು ಪ್ರಸವೋತ್ತರ ಖಿನ್ನತೆ ಇರಬಹುದು. ಇಲ್ಲದ ದನಿ ಕೇಳೋದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ, ಅಸಂಬದ್ಧ ಮಾತು, ಅಂದ್ರೆ ಊರಲ್ಲಿ 'ಬಾಣಂತಿ ಸನ್ನಿ' ಅಂತಾರಲ್ಲ, ಅದು ಬೇರೆ ಕಾಯಿಲೆ. ಸಾವಿರದಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತೆ. ಅದಕ್ಕೆ ಅದೇ ದಿನ ಆಸ್ಪತ್ರೆ ಬೇಕು.

ಖಿನ್ನತೆ ಅಷ್ಟು ಅಪರೂಪ ಅಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂದ ಒಂದು ವಿಶ್ಲೇಷಣೆ, ಭಾರತದ 38 ಅಧ್ಯಯನಗಳ 20,043 ತಾಯಂದಿರ ಲೆಕ್ಕ ಹಾಕಿ ಶೇ. 22 ಅಂತ ಹೇಳಿತು. ನಾನು ಬಿ.ಕಾಂ., ಸರಾಸರಿ ಅಂದ್ರೆ ಅನುಮಾನ ಪಡೋದು ಅಭ್ಯಾಸ. ಅಧ್ಯಯನಗಳ ನಡುವೆ ಅಂತರ ಇದ್ದೇ ಇದೆ. ಆದ್ರೂ ಐವರಲ್ಲಿ ಒಬ್ಬರು! ಹಾಗಾದ್ರೆ ನಮ್ಮ ಕಣ್ಣಿಗೆ ಯಾಕೆ ಬೀಳಲ್ಲ?

ನನಗನ್ನಿಸೋದು ಇದು. ಬಾಣಂತನ ಈ ಕಾಯಿಲೆಯ ಪ್ರತಿ ಲಕ್ಷಣಕ್ಕೂ ಒಂದು ಕಾರಣ ರೆಡಿ ಇಟ್ಟಿರುತ್ತೆ. ನಿದ್ದೆ ಇಲ್ವಾ, ಮಗು ಎಬ್ಬಿಸ್ತು. ಊಟ ಸೇರಲ್ವಾ, ಪಥ್ಯ. ಯಾರ ಜೊತೆಗೂ ಮಾತಿಲ್ವಾ, ಬಾಣಂತಿ ಹೊರಗೆ ಬರಬಾರದು. ಅತ್ತರೆ "ಅಳಬೇಡ, ಹಾಲು ಬತ್ತುತ್ತೆ." ಬಾಣಂತನ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಹೊತ್ತಿಗೆ ಊಟ, ಮಗು ಎತ್ಕೊಳ್ಳೋಕೆ ನಾಲ್ಕು ಕೈ, ಇದೆಲ್ಲ ದೊಡ್ಡ ಆಸರೆ. ಆದ್ರೆ ಬಂದವರೆಲ್ಲ ಮಗುವಿನ ಮುಖ ನೋಡಿ ಹೋಗ್ತಾರೆ. ಮೂರೋ ಐದೋ ತಿಂಗಳಿಗೆ ಗಂಡನ ಮನೆಗೆ ಹೋದಾಗ ಆ ನಾಲ್ಕು ಕೈಗಳೂ ಇಲ್ಲ.

ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಮಾಡಿದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಡತನ, ಗಂಡನ ಹಿಂಸೆ, ಗಂಡು ಬೇಕಿದ್ದಾಗ ಹೆಣ್ಣು ಹುಟ್ಟಿದ್ದು, ಇವೆಲ್ಲ ಖಿನ್ನತೆಯ ಜೊತೆ ಬೆಸೆದುಕೊಂಡಿದ್ವು. ಬರೀ ಹಾರ್ಮೋನ್ ಕಥೆ ಅಲ್ಲ ಇದು.

ಪತ್ತೆ ಮಾಡೋಕೆ 1987ರಿಂದ ಎಡಿನ್‌ಬರೊ ಮಾಪಕ ಅಂತ ಒಂದಿದೆ. ಹಿಂದಿನ 7 ದಿನದ ಬಗ್ಗೆ 10 ಪ್ರಶ್ನೆ. ನಗು ಬರ್ತಿದ್ಯಾ, ಕಾರಣವಿಲ್ಲದೆ ಭಯವಾ, ತನ್ನನ್ನೇ ದೂರಿಕೊಳ್ತಿದ್ದಾಳಾ, ತನಗೇ ಹಾನಿ ಮಾಡ್ಕೊಳ್ಳೋ ಯೋಚನೆ ಬಂತಾ. ಸುಸ್ತಿನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಯಾಕಂದ್ರೆ ಸುಸ್ತು ಎಲ್ಲ ತಾಯಂದಿರಿಗೂ ಇರುತ್ತೆ. ನಾನು ಅಕ್ಕನಿಗೆ ಹೇಳಿದ್ದು ಅದನ್ನೇ, ನೋಡಿ.

ಗುಣ ಆಗುತ್ತಾ? ಆಗುತ್ತೆ. ಪಾಕಿಸ್ತಾನದ ರಾವಲ್ಪಿಂಡಿ ಕಡೆಯ ಹಳ್ಳಿಗಳಲ್ಲಿ, ನಮ್ಮ ಆಶಾ ಕಾರ್ಯಕರ್ತೆಯರ ಥರದ ಆರೋಗ್ಯ ಕಾರ್ಯಕರ್ತೆಯರಿಗೆ ಸರಳ ಮಾತಿನ ಚಿಕಿತ್ಸೆ ಕಲಿಸಿ ಮನೆಮನೆಗೆ ಕಳಿಸಿದ್ರು. ಮಗುವಿನ ಆರೋಗ್ಯದ ಹೆಸರಲ್ಲೇ ಮಾತು ಶುರು. ಅತ್ತೆಯರೂ ಅಡ್ಡಿ ಮಾಡಲ್ಲ. ಫಲಿತಾಂಶ 2008ರ ಲ್ಯಾನ್ಸೆಟ್‌ನಲ್ಲಿ ಬಂತು. ಆರು ತಿಂಗಳಿಗೆ ಖಿನ್ನತೆ ಉಳಿದಿದ್ದು ಇವರ ಗುಂಪಲ್ಲಿ ಶೇ. 23, ಇನ್ನೊಂದು ಗುಂಪಲ್ಲಿ ಶೇ. 53. ಮಾತು ಸಾಲದಿದ್ರೆ, ಹಾಲುಣಿಸ್ತಾನೇ ತಗೊಳ್ಳಬಹುದಾದ ಔಷಧಿಗಳಿವೆ, ವೈದ್ಯರು ಆರಿಸಿ ಕೊಡ್ತಾರೆ. ದಾಖಲಾಗಬೇಕಾದ್ರೂ ಮಗುವನ್ನ ಕಿತ್ಕೊಳ್ಳಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಇಬ್ಬರೂ ಒಟ್ಟಿಗೇ ಇರೋ ವಾರ್ಡ್ ಇದೆ.

ಅಕ್ಕ ಹೇಳಿದ್ದನ್ನ ನಾನು ಅಮ್ಮನಿಗೆ ಹೇಳಿದ್ದು ಇನ್ನೂ ಮೂರು ವಾರ ಬಿಟ್ಟು. ಡಾಕ್ಟರ್ ಹತ್ರ ಹೋದ್ವಿ, ಕೌನ್ಸೆಲಿಂಗ್ ಆಯ್ತು, ಕೆಲವು ತಿಂಗಳು ಮಾತ್ರೆಯೂ ಆಯ್ತು. ಮಗಳಿಗೆ ಈಗ ಎರಡು ವರ್ಷ, ಈ ರೆಕಾರ್ಡಿಂಗ್ ಮಧ್ಯೆ ಕೇಳಿಸಿದ ಕಿರುಚಾಟ ಅವಳದ್ದೇ.

ನಿಮ್ಮನೇಲಿ ಬಾಣಂತಿ ಇದ್ರೆ, ಟೆಲಿ ಮಾನಸ್ ನಂಬರ್ 14416 ಫೋನಲ್ಲಿ ಸೇವ್ ಮಾಡ್ಕೊಳ್ಳಿ. ಉಚಿತ, 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ.