ದೇಹಶ್ರಮ, ಆನಂದಮೈಡ್ ಮತ್ತು ಉರಿಯೂತ

ಮೈಸೂರಿನ ಸರಸ್ವತಿಪುರಂ ಬಡಾವಣೆಯ ನಿವಾಸಿಗಳಿಗೆ ಸಮೀಪದ ಕುಕ್ಕರಹಳ್ಳಿ ಕೆರೆಯ ಏರಿ ಬಹುಕಾಲದ ನಡಿಗೆಯ ತಾಣ. ದೇಹ ದಣಿದ ಮೇಲೆ ಮನಸ್ಸು ಹಗುರಾಗುವುದಕ್ಕೆ ಎಂಡಾರ್ಫಿನ್‌ಗಳೇ ಕಾರಣವೆಂಬ ವಿವರಣೆ ದೀರ್ಘಕಾಲ ಪ್ರಚಲಿತವಾಗಿತ್ತು. ಆದರೆ 2021ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದರಲ್ಲಿ ಎಂಡಾರ್ಫಿನ್‌ಗಳ ಗ್ರಾಹಕಗಳನ್ನು ಔಷಧದಿಂದ ತಡೆದಾಗಲೂ ಓಟಗಾರರ ಉಲ್ಲಾಸ ಕುಗ್ಗಲಿಲ್ಲ. ಅವರ ರಕ್ತದಲ್ಲಿ ಎಂಡೊಕ್ಯಾನಬಿನಾಯ್ಡ್‌ಗಳ ಪ್ರಮಾಣ ಏರಿತ್ತು.

ಇವು ದೇಹವೇ ಕೊಬ್ಬಿನಾಮ್ಲಗಳಿಂದ ತಯಾರಿಸಿಕೊಳ್ಳುವ ಅಣುಗಳು. ಗಾಂಜಾದ ಮಾದಕಾಂಶ ತಗಲುವ ಗ್ರಾಹಕಗಳಿಗೇ ತಗಲುತ್ತವೆ. 1992ರಲ್ಲಿ ಜೆರುಸಲೇಮಿನಲ್ಲಿ ರಾಫೆಲ್ ಮೆಶೌಲಮ್ ಅವರ ತಂಡ ಹಂದಿಯ ಮಿದುಳಿನಿಂದ ಬೇರ್ಪಡಿಸಿದ ಇಂತಹ ಅಣುವಿಗೆ ಸಂಸ್ಕೃತದ ‘ಆನಂದ’ದಿಂದ ಆನಂದಮೈಡ್ ಎಂದು ಹೆಸರಿಡಲಾಯಿತು. ಹೆಸರು ಸೊಗಸಾಗಿದ್ದರೂ ಅದರ ಕಾರ್ಯವ್ಯಾಪ್ತಿಗೆ ಸಂಕುಚಿತವೇ ಸರಿ. ಏಕೆಂದರೆ ಈ ವ್ಯವಸ್ಥೆಯ ಎರಡನೆಯ ಬಗೆಯ ಗ್ರಾಹಕಗಳು ಮುಖ್ಯವಾಗಿ ರೋಗನಿರೋಧಕ ಕೋಶಗಳ ಮೇಲಿದ್ದು, ಉರಿಯೂತವನ್ನು ಹೆಚ್ಚಿಸುವ ಸೈಟೋಕೈನ್‌ಗಳ ಸ್ರವಿಕೆಯನ್ನು ತಗ್ಗಿಸಬಲ್ಲವು.

2021ರಲ್ಲೇ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಸಂಶೋಧಕರು ಸಂಧಿವಾತವುಳ್ಳ 78 ಜನರನ್ನು ಪರೀಕ್ಷಿಸಿದರು. ಅವರಲ್ಲಿ 38 ಮಂದಿ ಆರು ವಾರ, ದಿನಕ್ಕೆ 15 ನಿಮಿಷ ವ್ಯಾಯಾಮ ಮಾಡಿದರು. ಉಳಿದ 40 ಮಂದಿ ಮಾಡಲಿಲ್ಲ. ಮೊದಲಿನವರಲ್ಲಿ ನೋವು ಕಡಿಮೆಯಾಯಿತು, ಸೈಟೋಕೈನ್‌ಗಳು ಇಳಿದವು, ಆನಂದಮೈಡ್ ಏರಿತು, ಕರುಳಿನಲ್ಲಿ ಉಪಕಾರಿ ಬ್ಯಾಕ್ಟೀರಿಯಾಗಳು ಹೆಚ್ಚಿದವು. ಈ ಬ್ಯಾಕ್ಟೀರಿಯಾಗಳ ಉರಿಯೂತಶಮನ ಪರಿಣಾಮದ ಸುಮಾರು ಮೂರನೆಯ ಒಂದು ಭಾಗ ಎಂಡೊಕ್ಯಾನಬಿನಾಯ್ಡ್‌ಗಳ ಮೂಲಕವೇ ಒದಗುತ್ತದೆಂಬುದು ಅವರ ಅಂದಾಜು. ಇದು ಸಂಖ್ಯಾಶಾಸ್ತ್ರೀಯ ಅನುಮಾನವೆಂಬುದನ್ನು ಮರೆಯಲಾಗದು. ಅಲ್ಲಿ ಮಾಡಿಸಿದ್ದು ಸ್ನಾಯುಬಲವರ್ಧಕ ವ್ಯಾಯಾಮ. ಆದುದರಿಂದ ಆ ಫಲಿತಾಂಶವನ್ನು ಕೆರೆ ಏರಿಯ ನಡಿಗೆಗೆ ಹಾಗೆಯೇ ಅನ್ವಯಿಸುವುದು ಸಾಧುವಲ್ಲ.