ಹಳೇ ಜೀಪಿನ ಇನ್ಶೂರೆನ್ಸ್: ಹಿಂದಿನ ಸೀಟಲ್ಲಿ ಕೂತವರು ಯಾರ ಲೆಕ್ಕ?

ನಮ್ಮ ಮನೆ ಜೀಪು ಮಹೀಂದ್ರ ಎಂಎಂ540. 1996ರಲ್ಲಿ ಅಪ್ಪ ತಗೊಂಡಿದ್ದು. ಮೂಡಿಗೆರೆ ಕಡೆಯ ನಮ್ಮ ಸಣ್ಣ ಕಾಫಿ ತೋಟಕ್ಕೆ ಗೊಬ್ಬರ, ಡೀಸೆಲ್, ಪಂಪ್‌ಸೆಟ್ಟು, ಜ್ವರ ಬಂದವರು, ಮದುವೆಗೆ ಹೊರಟವರು, ಎಲ್ಲರನ್ನೂ ಹೊತ್ತಿದೆ. ಕೊಯ್ಲಿನ ಟೈಮಲ್ಲಿ ಏಳು ಕಿಲೋಮೀಟರ್ ದೂರದ ಕಾಲೊನಿಯಿಂದ ಕೆಲಸದವರನ್ನು ಕರ್ಕೊಂಡು ಬರೋದೂ ಅದೇ. ಆ ದಾರಿಗೆ ಬಸ್ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ನಮ್ಮ ತೋಟಕ್ಕೆ ಬರೋ ಅಕ್ಕ ಒಬ್ಬರು ಹೇಳಿದ್ದು ಇನ್ನೂ ನೆನಪಿದೆ: "ಟಿಕೆಟ್ ಫ್ರೀ ಮಾಡಿದಾರೆ ಅಣ್ಣ, ಬಸ್ ಒಂದು ಕಳ್ಸಿದ್ರೆ ಹತ್ಕೊಳ್ತಿದ್ವಿ."

ಹೋದ ಮಳೆಗಾಲದಲ್ಲಿ ಜೀಪಿನ ಇನ್ಶೂರೆನ್ಸ್ ಮುಗಿಯುತ್ತಿತ್ತು. ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರೋ ಮಗ ಅಂದ್ಮೇಲೆ ಇಂಥ ಕೆಲಸ ನನ್ನ ತಲೆಗೇ ಬರುತ್ತೆ. ಒಂದು ವೆಬ್‌ಸೈಟಿನ ಪಟ್ಟಿಯಲ್ಲಿ ಎಂಎಂ540 ಅನ್ನೋ ಗಾಡಿಯೇ ಇರಲಿಲ್ಲ. ಇನ್ನೊಂದರಲ್ಲಿ ಇತ್ತು, 1996 ಅಂತ ಹಾಕಿದ ಕೂಡಲೇ ಥರ್ಡ್ ಪಾರ್ಟಿ ಬಿಟ್ಟು ಉಳಿದ ಆಯ್ಕೆಗಳೆಲ್ಲ ಮಾಯ. ಊರಿನ ಏಜೆಂಟ್‌ಗೆ ಫೋನ್ ಮಾಡಿದೆ. "ತಲೆ ಯಾಕೆ ಕೆಡಿಸ್ಕೋತೀರ, ಥರ್ಡ್ ಪಾರ್ಟಿ ಹಾಕ್ಸಿ ಬಿಡಿ. ಪೊಲೀಸ್ ಹಿಡಿದ್ರೆ ತೋರ್ಸೋಕೆ ಒಂದು ಪೇಪರ್ ಇದ್ರೆ ಆಯ್ತಲ್ಲ" ಅಂದರು.

ಇಷ್ಟು ವರ್ಷ ಅಪ್ಪ ಮಾಡಿದ್ದೂ ಅದೇ. ಮಲೆನಾಡಿನ ಬಹುತೇಕ ಜೀಪುಗಳ ಕಥೆಯೂ ಅದೇ. ಆ ಪೇಪರ್‌ನಲ್ಲಿ ಏನಿದೆ ಅಂತ ಓದಿದವರು ಕಡಿಮೆ. ನಾನೂ ಓದಿರಲಿಲ್ಲ.

ಮೋಟಾರು ವಾಹನ ಕಾಯ್ದೆಯ ಕಲಂ 146ರ ಪ್ರಕಾರ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ವಿಮೆ. ಇದಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ. ಮೂರು ತಿಂಗಳವರೆಗೆ ಜೈಲೂ ಆಗಬಹುದು. ನಿಮ್ಮ ಸ್ವಂತ ಗಾಡಿಗೆ ಆಗೋ ನಷ್ಟಕ್ಕೆ 'ಓನ್ ಡ್ಯಾಮೇಜ್' ಭಾಗ, ಅದು ಐಚ್ಛಿಕ. ಎರಡೂ ಸೇರಿದ್ದು ಪ್ಯಾಕೇಜ್ ಪಾಲಿಸಿ, ನಮ್ಮ ಕಡೆ 'ಫುಲ್ ಇನ್ಶೂರೆನ್ಸ್' ಅಂತಾರೆ. ಎರಡೂವರೆ ಲಕ್ಷ ಬಾಳದ ಜೀಪಿಗೆ ಫುಲ್ ಇನ್ಶೂರೆನ್ಸ್ ಯಾಕೆ ಅನ್ನೋದು ಎಲ್ಲರ ಲೆಕ್ಕ. ಈ ಲೆಕ್ಕ ಎಲ್ಲಿ ತಪ್ಪುತ್ತೆ ಅಂತ ಆಮೇಲೆ ಹೇಳ್ತೀನಿ. ಮೊದಲು ದರದ ವಿಷಯ.

ಥರ್ಡ್ ಪಾರ್ಟಿ ದರವನ್ನು ಕಂಪನಿ ನಿಗದಿ ಮಾಡಲ್ಲ, ಕೇಂದ್ರ ಸರ್ಕಾರ ಮಾಡುತ್ತೆ. ಹಾಗಾಗಿ ಅದಕ್ಕಾಗಿ ಹತ್ತು ವೆಬ್‌ಸೈಟ್ ಸುತ್ತೋದರಿಂದ ಏನೂ ಉಳಿಯಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ದರದ ಪ್ರಕಾರ 1,000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1,500 ಸಿಸಿವರೆಗೆ 3,416, ಅದಕ್ಕಿಂತ ಮೇಲೆ 7,897. ಇದರ ಮೇಲೆ ಶೇ. 18 ಜಿಎಸ್‌ಟಿ. ಗಾಡಿಯ ವಯಸ್ಸು, ಬೆಲೆ, ವರ್ಷಕ್ಕೆ ಎಷ್ಟು ಓಡುತ್ತೆ ಅನ್ನೋದು ಯಾವುದೂ ಲೆಕ್ಕಕ್ಕಿಲ್ಲ. ನಮ್ಮ ಎಂಎಂ540ರ ಪೂಜೋ ಡೀಸೆಲ್ ಎಂಜಿನ್ 2,112 ಸಿಸಿ. ಜಿಎಸ್‌ಟಿ ಸೇರಿ 9,318 ರೂಪಾಯಿ. ಅದೇ ಮಹೀಂದ್ರ ಕಂಪನಿಯ ಹೊಸ ಥಾರ್‌ನ ಟೂ ವೀಲ್ ಡ್ರೈವ್ ಡೀಸೆಲ್ ಮಾದರಿ 1,497 ಸಿಸಿ, ಅದಕ್ಕೆ 3,416ರ ದರ. ಮೂರು ಸಿಸಿ ಕಡಿಮೆ ಇದ್ದು ಅರ್ಧಕ್ಕಿಂತ ಕಡಿಮೆ ದುಡ್ಡು! ಎಲೆಕ್ಟ್ರಿಕ್ ಗಾಡಿಗೆ ಶೇ. 15 ರಿಯಾಯಿತಿ ಇದೆ, ಹೈಬ್ರಿಡ್‌ಗೆ ಶೇ. 7.5 ಇದೆ, ವಿಂಟೇಜ್ ಕಾರಿಗೆ ಶೇ. 50 ಇದೆ. ನಮ್ಮದು ಹಳೇದು ತಾನೇ ಅಂತ ಖುಷಿಪಡಬೇಡಿ. ವಿಂಟೇಜ್ ಅನ್ನಿಸ್ಕೊಳ್ಳೋಕೆ 50 ವರ್ಷ ಆಗಿರಬೇಕು, ದೊಡ್ಡ ಮಾರ್ಪಾಡು ಮಾಡಿರಬಾರದು, ದಿನಬಳಕೆಗೆ ಓಡಿಸುವಂತಿಲ್ಲ. ಶೋಕಿಗೆ ಇಟ್ಟ ಕಾರಿಗೆ ಅರ್ಧ ದರ, ಗೊಬ್ಬರ ಹೊರೋ ಜೀಪಿಗೆ ಪೂರ್ತಿ ದರ.

ಇಲ್ಲಿಗೇ ನಿಲ್ಲಿಸಿದ್ರೆ ಇದೊಂದು ಒಳ್ಳೆ ಸಿಟ್ಟಿನ ಬರಹ ಆಗುತ್ತಿತ್ತು. ಆದರೆ ನಿಜ ಹೇಳಬೇಕಲ್ಲ. ನಮ್ಮ ಜೀಪಿಗೆ ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಹಿಂದೆ ಸೀಟ್‌ಬೆಲ್ಟ್ ಇಲ್ಲ. ಚಾರ್ಮಾಡಿ ಇಳಿಯುವಾಗ ಎದುರು ಬರೋ ಬೈಕಿನವನ ಕಡೆಯಿಂದ ನೋಡಿದರೆ, ಥಾರ್‌ಗಿಂತ ನಮ್ಮ ಜೀಪೇ ಹೆಚ್ಚು ಭಯ ಹುಟ್ಟಿಸಬೇಕು. ಆದ್ದರಿಂದ ಥರ್ಡ್ ಪಾರ್ಟಿ ದರ ಇಳಿಸಿ ಅಂತ ನಾನು ಕೇಳಲ್ಲ. ನನ್ನ ತಕರಾರು ಬೇರೆ.

ಅದಕ್ಕೆ ಮುಂಚೆ ಮಾಡಿಫಿಕೇಶನ್. ಕಲಂ 52 ಹೇಳೋದಿಷ್ಟು: ಆರ್‌ಸಿಯಲ್ಲಿರೋ ವಿವರ, ಕಂಪನಿ ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸಬಾರದು. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಒಪ್ಪಿಗೆಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅನ್ನೋ ಕಲಂ 182ಎ ಸೇರಿತು. ಮುಂದಿನ ಕಬ್ಬಿಣದ ಬುಲ್ ಬಾರ್ ನಿಯಮಬಾಹಿರ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಎಂಜಿನ್ ಬದಲಿಸಿದ್ದರೆ ಅದನ್ನು ಆರ್‌ಟಿಒಗೆ ವರದಿ ಮಾಡಿ ಆರ್‌ಸಿಗೆ ಹತ್ತಿಸಲೇಬೇಕು. ಹಳೇ ಜೀಪುಗಳಲ್ಲಿ ಇದೇ ದೊಡ್ಡ ಸಮಸ್ಯೆ. ಬಾನೆಟ್ ಎತ್ತಿದರೆ ಒಂದು ಎಂಜಿನ್, ಆರ್‌ಸಿಯಲ್ಲಿ ಇನ್ನೊಂದು ನಂಬರ್.

ಕ್ಲೇಮ್ ಟೈಮಲ್ಲಿ ಇದರ ಪರಿಣಾಮ ಎರಡು ಥರ. ಸ್ವಂತ ಗಾಡಿಯ ನಷ್ಟಕ್ಕೆ ಕ್ಲೇಮ್ ಹಾಕಿದಾಗ, ಹೇಳದೇ ಮಾಡಿದ ಮಾರ್ಪಾಡು ಸರ್ವೇಯರ್ ಕಣ್ಣಿಗೆ ಬಿದ್ದರೆ ಕಂಪನಿ ಕೈತೊಳೆದುಕೊಳ್ಳಬಹುದು. ಆದರೆ ನಿಮ್ಮ ಜೀಪು ದಾರಿಹೋಕರಿಗೆ ಗುದ್ದಿದರೆ ಅಷ್ಟು ಸುಲಭವಲ್ಲ. ಪರಿಹಾರ ಕೊಡಲ್ಲ ಅನ್ನೋಕೆ ಕಂಪನಿಗೆ ಇರುವ ಕಾರಣಗಳನ್ನು ಕಲಂ 150 ಪಟ್ಟಿ ಮಾಡಿದೆ. ದೊಡ್ಡ ಟೈರ್ ಹಾಕಿದ್ದು ಆ ಪಟ್ಟಿಯಲ್ಲಿಲ್ಲ. 'ಮುಖ್ಯ ವಿಷಯ ಮುಚ್ಚಿಟ್ಟು ಪಾಲಿಸಿ ಪಡೆದರು' ಅನ್ನೋದು ಇದೆ. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದ್ದೂ ಇದೆ. ಕೊಡಚಾದ್ರಿ, ಮಾಂದಲಪಟ್ಟಿ ಥರದ ಕಡೆ ವೈಟ್ ಬೋರ್ಡ್ ಜೀಪಲ್ಲಿ ಟೂರಿಸ್ಟ್ ಹತ್ತಿಸಿಕೊಳ್ಳೋರು ಇದೊಂದನ್ನು ಎರಡು ಸಲ ಓದಬೇಕು. ಹತ್ತೋರು ಕೂಡ.

ಈಗ ನನ್ನ ತಕರಾರಿಗೆ ಬರ್ತೀನಿ. ಜೀಪಿನ ಹಿಂದೆ ಕೂತವರು 'ಥರ್ಡ್ ಪಾರ್ಟಿ' ಹೌದೋ ಅಲ್ವೋ?

ಅಲ್ಲ. ಖಾಸಗಿ ಗಾಡಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಒಳಗೆ ಕೂತವರಿಗೆ ಅದು ಅನ್ವಯಿಸಲ್ಲ, ಪ್ಯಾಕೇಜ್ ಪಾಲಿಸಿ ಇದ್ದರೆ ಅನ್ವಯಿಸುತ್ತೆ. ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2012ರ ಬಾಲಕೃಷ್ಣನ್ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ಅಂದರೆ ಏಜೆಂಟ್ ಹೇಳಿದ ಪೇಪರ್ ಇದ್ದಾಗ ಜೀಪು ಮಗುಚಿದರೆ, ರಸ್ತೆ ಪಕ್ಕ ನಿಂತಿದ್ದವರಿಗೆ ಪರಿಹಾರ ಸಿಗುತ್ತೆ. ಜೀಪೊಳಗಿದ್ದ ಅಕ್ಕನ ಮನೆಯವರಿಗೆ ವಿಮಾ ಕಂಪನಿಯಿಂದ ಏನೂ ಇಲ್ಲ. ಟ್ರಿಬ್ಯೂನಲ್ ಪರಿಹಾರ ಕೊಡಿ ಅಂದರೆ ಅಪ್ಪನೇ ಕೊಡಬೇಕು. ಅಪ್ಪನ ಹತ್ತಿರ ಅಷ್ಟು ದುಡ್ಡು ಇಲ್ಲ ಅಂದರೆ ಕೋರ್ಟ್ ಆದೇಶದ ಹಾಳೆಯೇ ಆ ಮನೆಯವರ ಪಾಲಿಗೆ.

ಎಷ್ಟು ದುಡ್ಡು? ಲೆಕ್ಕ ಹಾಕಿ ನೋಡಿದೆ. ಸತ್ತವರಿಗೆ 30 ವರ್ಷ, ತಿಂಗಳಿಗೆ 12,000 ದುಡಿಮೆ, ನಂಬಿದವರು ನಾಲ್ಕು ಜನ ಅಂತಿಟ್ಟುಕೊಳ್ಳಿ. ಸುಪ್ರೀಂ ಕೋರ್ಟ್‌ನ 2009ರ ಸರಳಾ ವರ್ಮಾ, 2017ರ ಪ್ರಣಯ್ ಸೇಠಿ ತೀರ್ಪುಗಳ ಸೂತ್ರದಂತೆ ಮುಂದಿನ ದುಡಿಮೆಗೆ ಶೇ. 40 ಸೇರಿಸಿದರೆ 16,800. ಸ್ವಂತ ಖರ್ಚಿಗೆ ಕಾಲುಭಾಗ ಕಳೆದರೆ 12,600. ವರ್ಷಕ್ಕೆ 1,51,200. ಆ ವಯಸ್ಸಿಗೆ ಗುಣಕ 17. ಒಟ್ಟು 25,70,400 ರೂಪಾಯಿ, ಅಂತ್ಯಸಂಸ್ಕಾರ ಇತ್ಯಾದಿ ಬಾಬ್ತು ಬೇರೆ. ಒಬ್ಬರಿಗೆ. ನಮ್ಮ ಜೀಪಲ್ಲಿ ಕೊಯ್ಲಿನ ದಿನ ಹನ್ನೊಂದು ಜನ ಕೂರುತ್ತಿದ್ದರು, ಆರ್‌ಸಿಯಲ್ಲಿ ಇರೋದು ಡ್ರೈವರ್ ಸೇರಿ ಆರು. ಮಿತಿಗಿಂತ ಹೆಚ್ಚು ಜನ ಇದ್ದಾಗ ಕಂಪನಿಯ ಹೊಣೆ ಅನುಮತಿ ಇರೋ ಸಂಖ್ಯೆಯಷ್ಟಕ್ಕೆ ಮಾತ್ರ ಅಂತ 2007ರ ಅಂಜನಾ ಶ್ಯಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಹಣವನ್ನೇ ಎಲ್ಲರಿಗೂ ಹಂಚಬೇಕು, ಉಳಿದದ್ದು ಮಾಲೀಕನ ತಲೆ ಮೇಲೆ.

ಇದನ್ನೆಲ್ಲ ಓದಿ ಪ್ಯಾಕೇಜ್ ಪಾಲಿಸಿಯೇ ಬೇಕು ಅಂತ ಹಠ ಹಿಡಿದೆ. ಆನ್‌ಲೈನ್‌ನಲ್ಲಿ ಆಗಲಿಲ್ಲ. ಕೊನೆಗೆ ಆಗಿದ್ದು ಸರ್ಕಾರಿ ಸ್ವಾಮ್ಯದ ವಿಮಾ ಕಂಪನಿಯೊಂದರ ಶಾಖೆಯಲ್ಲಿ, ಅದೂ ಎರಡು ಸಲ ಹೋಗಿ ಕೂತ ಮೇಲೆ. ಹೀಗೆ ಹೋಗೋರಿಗೆ ಕೆಲವು ಮಾತು. ಐದು ವರ್ಷ ದಾಟಿದ ಗಾಡಿಯ ವಿಮಾ ಮೌಲ್ಯ, ಅಂದರೆ ಐಡಿವಿ, ಕಂಪನಿ ಮತ್ತು ನೀವು ಮಾತಾಡಿ ಒಪ್ಪಿಕೊಳ್ಳೋ ಮೊತ್ತ. ಅದಕ್ಕೆ ರೇಟ್ ಕಾರ್ಡ್ ಇಲ್ಲ, ಚೌಕಾಸಿ ಮಾಡಬಹುದು. ನನಗೆ ಬೇಕಿದ್ದದ್ದು ಪ್ಯಾಕೇಜ್ ಅನ್ನೋ ಹೆಸರು, ಜೀಪಿನ ಬೆಲೆ ಅಲ್ಲ. ಅದಕ್ಕೆ 1.5 ಲಕ್ಷಕ್ಕೆ ಒಪ್ಪಿಕೊಂಡೆ, ಓನ್ ಡ್ಯಾಮೇಜ್ ಭಾಗ 5,000ಕ್ಕೆ ನಿಂತಿತು. ಗಾಡಿ ತಪಾಸಣೆಗೆ ಮುಂಚೆ ಬುಲ್ ಬಾರ್ ಬಿಚ್ಚಿಸಿದೆವು, ಟೈರ್ ಕಂಪನಿ ಸೈಜಿಗೆ ಮರಳಿತು. ತಗಡಿನ ಟಾಪನ್ನು ಅಪ್ಪ 2011ರಲ್ಲೇ ಆರ್‌ಸಿಗೆ ಹತ್ತಿಸಿದ್ದರು, ಪುಣ್ಯ. ಉಳಿದಿದ್ದನ್ನೆಲ್ಲ ಅರ್ಜಿಯಲ್ಲಿ ಬರೆದುಕೊಟ್ಟೆ. ಬರೆದರೆ ಪ್ರೀಮಿಯಂ ಏರುತ್ತೆ ಅಂತ ಏಜೆಂಟ್ ಹೆದರಿಸಿದ್ದರು, ಏರಲಿಲ್ಲ.

ಅಷ್ಟಾದರೂ ಒಂದು ತೂತು ಉಳಿದಿತ್ತು. ಪ್ಯಾಕೇಜ್ ಪಾಲಿಸಿಯ ಷರತ್ತು ಓದಿದರೆ, ಗಾಡಿಯೊಳಗಿನವರ ಹೊಣೆ ಹೊರ್ತೀವಿ ಅನ್ನುತ್ತೆ. ಮುಂದಿನ ಸಾಲಿನಲ್ಲಿ, ಅವರು ಮಾಲೀಕನ ನೌಕರರಾಗಿದ್ದು ಕೆಲಸದ ಭಾಗವಾಗಿ ಸಾವು ನೋವು ಆದರೆ, ಕಾಯ್ದೆ ಕಡ್ಡಾಯ ಮಾಡಿದಷ್ಟು ಬಿಟ್ಟು ಹೊಣೆ ಇಲ್ಲ ಅನ್ನುತ್ತೆ. ಅಂದರೆ ನೆಂಟರು ಕೂತಿದ್ದರೆ ರಕ್ಷಣೆ ಇದೆ, ಕೆಲಸದವರು ಕೂತಿದ್ದರೆ ಅನುಮಾನ. ಈ ತೂತು ಮುಚ್ಚೋಕೆ ಐಎಂಟಿ 29 ಅನ್ನೋ ಸೇರ್ಪಡೆ ಇದೆ. ಒಬ್ಬ ನೌಕರರಿಗೆ ವರ್ಷಕ್ಕೆ 50 ರೂಪಾಯಿ. ಐವತ್ತೇ ರೂಪಾಯಿ! ಆ ಹೆಸರು ನಾನಾಗಿ ಹೇಳೋವರೆಗೂ ಯಾರೂ ಹೇಳಿರಲಿಲ್ಲ. ಐದು ಜನಕ್ಕೆ 250 ಕಟ್ಟಿದೆ. ಅಪ್ಪನ ಹೆಸರಲ್ಲಿ 15 ಲಕ್ಷದ ಅಪಘಾತ ವಿಮೆ ಬೇರೆಯೇ ಇದ್ದಿದ್ದರಿಂದ ಮಾಲೀಕ-ಚಾಲಕನ ಕಡ್ಡಾಯ ವಿಮೆಯನ್ನು ಇಲ್ಲಿ ಮತ್ತೆ ತಗೊಳ್ಳಬೇಕಾಗಲಿಲ್ಲ. ಎಲ್ಲ ಸೇರಿ 15,500 ಚಿಲ್ಲರೆ ಆಯ್ತು.

ಬರೀ ಥರ್ಡ್ ಪಾರ್ಟಿಗಿಂತ ಆರು ಸಾವಿರದಷ್ಟು ಹೆಚ್ಚು. ಕಾಫಿಗೆ ಒಳ್ಳೆ ರೇಟ್ ಇದ್ದ ವರ್ಷ ನಾವು ಕಟ್ಟಿದೆವು. ಬಾಡಿಗೆ ಜೀಪು ಇಟ್ಟುಕೊಂಡು ಬದುಕೋರು, ಎರಡೆಕರೆ ತೋಟದವರು ಕಟ್ಟುತ್ತಾರಾ? ಕಡ್ಡಾಯ ಅಂತ ಹೇಳದೇ ಇದ್ದಿದ್ದರೆ ನಾವೂ ಥರ್ಡ್ ಪಾರ್ಟಿ ಕಟ್ಟುತ್ತಿರಲಿಲ್ಲ ಅನ್ನೋದು ನಿಜ. ಗಾಡಿಯೊಳಗೆ ಕೂತವರ ರಕ್ಷಣೆಯನ್ನೂ, ಅದರಲ್ಲೂ ಕೂಲಿಗೆ ಹೋಗುವವರ ರಕ್ಷಣೆಯನ್ನು, ಅದೇ ಕಡ್ಡಾಯ ಪಾಲಿಸಿಯೊಳಗೆ ಸೇರಿಸಿ ದರ ನಿಗದಿ ಮಾಡೋದು ಕೇಂದ್ರ ಸರ್ಕಾರದ ಕೈಯಲ್ಲಿದೆ. ಆ ದಾರಿಗೆ ಬೆಳಗ್ಗೆ ಒಂದು, ಸಂಜೆ ಒಂದು ಬಸ್ ಬಿಡೋದು ರಾಜ್ಯದ ಕೈಯಲ್ಲಿದೆ. ನಮ್ಮ ಕಡೆಯ ಶಾಸಕರ ಸಭೆಯಲ್ಲಿ ಎರಡನೆಯದನ್ನು ಕೇಳಿದ್ದೇವೆ. ಮೊದಲನೆಯದನ್ನು ಯಾರ ಹತ್ತಿರ ಕೇಳಬೇಕು ಅನ್ನೋದೇ ಊರಲ್ಲಿ ಯಾರಿಗೂ ಹೊಳೆದಿಲ್ಲ.

2026ಕ್ಕೆ ಜೀಪಿನ ಆರ್‌ಸಿ ಮತ್ತೆ ನವೀಕರಿಸಬೇಕು. 20 ವರ್ಷ ದಾಟಿದ ಲಘು ವಾಹನಕ್ಕೆ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ನವೀಕರಿಸದೇ ಓಡಿಸಿದರೆ ಈ ಪಾಲಿಸಿಯ ಓನ್ ಡ್ಯಾಮೇಜ್ ಕ್ಲೇಮ್ ನಿಲ್ಲೋದು ಕಷ್ಟ. ಜೀಪು ಮಾರಿಬಿಡೋಣ ಅಂತ ಅಪ್ಪ ಒಂದು ದಿನ ಅಂತಾರೆ, ಇನ್ನೊಂದು ದಿನ ಬ್ರೇಕ್ ಲೈನರ್ ಬದಲಿಸೋಕೆ ಹೋಗ್ತಾರೆ. ಸದ್ಯಕ್ಕೆ ಕೊಯ್ಲಿನ ದಿನ ಹನ್ನೊಂದು ಜನರನ್ನು ಐದೈದರ ಹಾಗೆ ಮೂರು ಟ್ರಿಪ್‌ನಲ್ಲಿ ಕರ್ಕೊಂಡು ಬರ್ತಿದ್ದಾರೆ. ಕೊನೇ ಟ್ರಿಪ್‌ನಲ್ಲಿ ಒಬ್ಬರೇ.