ಗಣಿಗೆ ದಾರಿ ಬಿಟ್ಟ ಹೆದ್ದಾರಿ

ಜರ್ಮನಿಯ ಪಶ್ಚಿಮದಂಚಿನಲ್ಲಿ, ಕಲೋನ್ ಮತ್ತು ಆಖೆನ್ ನಗರಗಳ ನಡುವೆ ಬ್ಯೂರ್ ಎಂಬ ಊರಿದೆ. ರೈಲಿನ ಸದ್ದು ಅಲ್ಲಿಯವರಿಗೆ ತಲೆಮಾರುಗಳಿಂದ ಒಗ್ಗಿಹೋಗಿದೆ. ಕಲೋನ್–ಆಖೆನ್ ಮಾರ್ಗ 1841ರಷ್ಟು ಹಳೆಯದು. ಆದರೆ 2014ರ ಸೆಪ್ಟೆಂಬರ್‌ನಲ್ಲಿ ಆರು ಪಥಗಳ ಎ4 ಹೆದ್ದಾರಿಯೂ ಊರಿನ ಮಗ್ಗುಲಿಗೇ ಬಂತು. ಅದುವರೆಗೆ ಉತ್ತರದ ಹೊಲ, ಕಾಡುಗಳಾಚೆ ತನ್ನ ಪಾಡಿಗೆ ಹರಿಯುತ್ತಿದ್ದ ರಸ್ತೆ ಅದು. ಹಂಬಾಖ್ ಎಂಬ ಕಲ್ಲಿದ್ದಲು ಗಣಿ ದಕ್ಷಿಣಕ್ಕೆ ಬಾಯಿ ತೆರೆಯುತ್ತ ಬಂದಂತೆ ಅದು ಜಾಗ ಬಿಡಬೇಕಾಯಿತು.

ಗಣಿಯೆಂದರೆ ಸುರಂಗವಲ್ಲ. 1978ರಲ್ಲಿ ಶುರುವಾದ ಈ ತೆರೆದ ಗುಂಡಿ ಕೆಲವೆಡೆ 400 ಮೀಟರ್‌ನಷ್ಟು ಆಳಕ್ಕೆ ಇಳಿದಿದೆ. ಅಲ್ಲಿ ಸಿಗುವುದು ಲಿಗ್ನೈಟ್, ಅಂದರೆ ಕಂದು ಕಲ್ಲಿದ್ದಲು. ಅದರ ತೂಕದಲ್ಲಿ ಸುಮಾರು ಅರ್ಧ ನೀರೇ. ಅಂಥದ್ದನ್ನು ದೂರದೂರಿಗೆ ಸಾಗಿಸಿದರೆ ಲಾಭವಿಲ್ಲ, ಹತ್ತಿರದ ವಿದ್ಯುತ್ ಸ್ಥಾವರಗಳಲ್ಲೇ ಉರಿಸಬೇಕು. ಅದಕ್ಕೆಂದೇ ಗಣಿ ಕಂಪನಿಯ ಸ್ವಂತ ರೈಲು ಮಾರ್ಗವಿದೆ. ಗಣಿ ಸರಿದಾಗ ಆ ಹಳಿಗಳನ್ನೂ ಕಿತ್ತು ದಕ್ಷಿಣಕ್ಕೆ ಸರಿಸಿದರು.

ಇಲ್ಲಿ ಯೋಜಕರ ಲೆಕ್ಕಾಚಾರವನ್ನು ಸ್ವಲ್ಪ ನಿಂತು ನೋಡಬೇಕು. ಹೆದ್ದಾರಿ ಒಂದು ದಿಕ್ಕು, ಕಲ್ಲಿದ್ದಲು ರೈಲು ಇನ್ನೊಂದು ದಿಕ್ಕು ಹಿಡಿದರೆ ಹೊಲಗಳು ಚೂರುಚೂರಾಗುತ್ತವೆ, ಪ್ರಾಣಿಗಳ ಓಡಾಟ ಎರಡೆರಡು ಕಡೆ ತುಂಡಾಗುತ್ತದೆ. ಆದ್ದರಿಂದ ಪ್ರಯಾಣಿಕರ ರೈಲು, ಕಲ್ಲಿದ್ದಲಿನ ರೈಲು, ಹೆದ್ದಾರಿ ಮೂರನ್ನೂ ಅಕ್ಕಪಕ್ಕ ಹಾಯಿಸುವುದು ಜಾಣತನ. ಗಣಿಯಂಚಿನ ಹಂಬಾಖ್ ಕಾಡಿನಲ್ಲಿ ನೆಲೆಸಿದ್ದ ಬೆಕ್‌ಸ್ಟೈನ್ ಬಾವಲಿ ಎಂಬ ಅಪರೂಪದ ಜೀವಿಗಾಗಿ ರಸ್ತೆಯ ಮೇಲೆ ಗಿಡಮರ ಬೆಳೆಸಿದ ಹಸಿರು ಸೇತುವೆಗಳನ್ನೂ ಕಟ್ಟಿದರು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ನಕ್ಷೆಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಕಾಣುವ ಆ ಮೂರು ಗೆರೆಗಳ ಸದ್ದು, ದೂಳು ಎಲ್ಲವೂ ಸೇರಿದ್ದು ಒಂದೇ ಊರಿಗೆ. ಬ್ಯೂರ್ ಜನ ಸಂಘ ಕಟ್ಟಿಕೊಂಡು ಇದನ್ನು ಮೊದಲೇ ಹೇಳಿದ್ದರು. ರಸ್ತೆ ಬಂದೇ ಬಂತು.

ಈ ಸೀಮೆಯಲ್ಲಿ ರಸ್ತೆಗಳಿಗೆ ನೆಲೆ ಎಂಬುದೇ ಇಲ್ಲ. 2001ರಲ್ಲಿ 13,500 ಟನ್ ತೂಕದ ಬ್ಯಾಗರ್ 288 ಎಂಬ ಅಗೆಯುವ ಯಂತ್ರ ಹಂಬಾಖ್‌ನಿಂದ ಗಾರ್ಟ್ಸ್‌ವೈಲರ್ ಗಣಿಗೆ 22 ಕಿಲೋಮೀಟರ್ ತೆವಳಿಕೊಂಡು ಹೋಯಿತು. ಅದಕ್ಕೆ ಮೂರು ವಾರ ಹಿಡಿಯಿತು. ದಾರಿಯಲ್ಲಿ ಎರ್ಫ್ಟ್ ನದಿ, ರೈಲು ಹಳಿ, ಎ61 ಹೆದ್ದಾರಿ ಎಲ್ಲವನ್ನೂ ದಾಟಿತು. ಆ ಎ61ರ ಒಂದು ತುಂಡನ್ನೇ 2018ರಲ್ಲಿ ಮುಚ್ಚಿ ಗಾರ್ಟ್ಸ್‌ವೈಲರ್ ಗಣಿಗೆ ಒಪ್ಪಿಸಿದರು. ಬದಲಿಗೆ, ಹಿಂದೊಮ್ಮೆ ಗಣಿ ನುಂಗಿದ್ದ ಎ44 ಹೆದ್ದಾರಿಯನ್ನು, ಅಗೆದು ಮತ್ತೆ ತುಂಬಿದ ಮಣ್ಣಿನ ಮೇಲೆ ಹೊಸದಾಗಿ ಹಾಕಿದರು.

ಊರುಗಳೂ ಹೀಗೆಯೇ ಜಾಗ ಬಿಟ್ಟು ಎದ್ದವು. ಬ್ಯೂರ್‌ಗೆ ಹತ್ತಿರದ ಮನ್‌ಹೈಮ್‌ನವರು 2012ರಿಂದ, ಮೊರ್ಶೆನಿಖ್‌ನವರು 2015ರಿಂದ ಹೊಸ ಬಡಾವಣೆಗಳಿಗೆ ಹೊರಟರು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟ ಬಾಗಲಕೋಟೆಯವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ಅಷ್ಟರಲ್ಲಿ ಕಲ್ಲಿದ್ದಲಿನ ಕಾಲವೇ ಬದಲಾಯಿತು. ಹಂಬಾಖ್ ಕಾಡನ್ನು ಉಳಿಸಲು ಮರಗಳ ಮೇಲೆ ಗುಡಿಸಲು ಕಟ್ಟಿ ಕೂತವರನ್ನು 2018ರಲ್ಲಿ ಪೊಲೀಸರು ಇಳಿಸತೊಡಗಿದರು. ಅಕ್ಟೋಬರ್ 5ರಂದು ಮ್ಯೂನ್‌ಸ್ಟರ್‌ನ ಉಚ್ಚ ಆಡಳಿತ ನ್ಯಾಯಾಲಯ ಮರ ಕಡಿಯದಂತೆ ತಡೆ ನೀಡಿತು. 2020ರಲ್ಲಿ ಕಲ್ಲಿದ್ದಲು ಬಿಡುವ ಕಾನೂನು ಬಂತು. ಗಣಿಯ ಗಡಿ ಹಿಂದೆ ಸರಿಯಿತು, ಕಾಡು ಉಳಿಯಿತು, ಮೊರ್ಶೆನಿಖ್‌ನ ಹಳೆಯ ಮನೆಗಳೂ ಉಳಿದವು. ಹೆದ್ದಾರಿ ಮಾತ್ರ ಹಿಂದಿರುಗಲಿಲ್ಲ.

ನನ್ನನ್ನು ಬಿಡದೆ ಕಾಡುವುದು ಇದೇ. ಗಣಿಯ ನಕ್ಷೆ 1970ರ ದಶಕದ್ದು, ರಸ್ತೆ 2014ರದ್ದು, ಗಣಿಯ ಗಡಿ ಬದಲಾದದ್ದು ಅದಾದ ಆರೇ ವರ್ಷಕ್ಕೆ. ಕಾಗದದ ಮೇಲಿನ ಗೆರೆ ಅಳಿಸಬಹುದು, ಕಾಂಕ್ರೀಟು ಅಳಿಸಲಾಗದು. ರಸ್ತೆ ಎತ್ತಿಡುವ ಮುನ್ನ ಕಾರಣವಿನ್ನೂ ಉಳಿದಿದೆಯೇ ಎಂದು ಯಾರಾದರೂ ಹೊಸದಾಗಿ ಕೇಳಬೇಕಿತ್ತು. ಕೇಳಿದವರು ಬ್ಯೂರ್‌ನ ಜನ. ಅವರ ಕೈಯಲ್ಲಿ ಅಧಿಕಾರವಿರಲಿಲ್ಲ.

2029ರ ಹೊತ್ತಿಗೆ ಹಂಬಾಖ್‌ನಲ್ಲಿ ಅಗೆತ ನಿಲ್ಲಿಸಿ, ಆಮೇಲೆ ರೈನ್ ನದಿಯ ನೀರನ್ನು ಕೊಳವೆಯಲ್ಲಿ ತಂದು ಗುಂಡಿ ತುಂಬಿಸುವ ಯೋಜನೆಯಿದೆ. ತುಂಬಲು ದಶಕಗಳೇ ಬೇಕು. ಅದುವರೆಗೂ ಬ್ಯೂರ್‌ನವರು ಕಿಟಕಿ ತೆರೆದಾಗ ಕೇಳುವುದು ಲಾರಿಗಳ ಸದ್ದು.